ಪಟ ನುಡಿದ ಸಾಕ್ಷಿ

ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿ ‘ಮೆಸ್ಸಾಯ’ ಎಂಬ ಪಿಟೀಲಿದೆ. ಕ್ರೆಮೋನಾದ ಸ್ಟ್ರಾಡಿವಾರಿ ಅದನ್ನು 1716ರಲ್ಲಿ ಮಾಡಿದನೆಂದು ಒಳಗಿನ ಚೀಟಿ ಹೇಳುತ್ತದೆ. 1737ರಲ್ಲಿ ಆತ ತೀರಿಕೊಂಡಾಗಲೂ ಅದು ಅವನ ಕಾರ್ಯಾಗಾರದಲ್ಲೇ ಉಳಿದಿತ್ತಂತೆ. 1990ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಸ್ಟೀವರ್ಟ್ ಪಾಲೆನ್ಸ್ ಅದರ ಛಾಯಾಚಿತ್ರಗಳನ್ನು ಮರದ ವಯಸ್ಸು ಬಲ್ಲ ಪಂಡಿತರೊಬ್ಬರಿಗೆ ತೋರಿಸಿದರು. ಪಟದಲ್ಲಿ ಮೇಲ್ಹಲಗೆಯ ವರ್ಷರೇಖೆಗಳನ್ನು ನೋಡಿ ಆ ಪಂಡಿತರು ಕೊನೆಯ ಗೆರೆ 1738ರದೆಂದರು. ಮರ ಇನ್ನೂ ಬೆಳೆಯುತ್ತಿದ್ದಾಗಲೇ ಕುಶಲಿ ಸತ್ತಿದ್ದನೆಂದಾಯಿತು! ಜಗತ್ಪ್ರಸಿದ್ಧ ವಾದ್ಯ ಖೋಟಾ ಎನಿಸಿಕೊಳ್ಳುವ ಹೊತ್ತು. ಪ್ರತಿಯ ಪ್ರತಿಯನ್ನು ನಂಬಿ ಕವಿಯ ಕಾಲ ಕಟ್ಟುವ ನಮ್ಮವರ ಅವಸರ ನನಗೆ ನೆನಪಾಗುತ್ತದೆ. ಓಲೆಗರಿಯನ್ನೇ ಬಿಚ್ಚಿ ನೋಡಬೇಡವೆ? ಅಮೆರಿಕದ ಗ್ರಿಸ್ಸಿನೊ-ಮೇಯರ್ ಮತ್ತು ಸಂಗಡಿಗರು ವಾದ್ಯವನ್ನೇ ಮುಂದಿಟ್ಟುಕೊಂಡು ಗೆರೆಗಳನ್ನು ಅಳೆದರು. 2004ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಕೊನೆಯದು 1687ರದು. ಇದರಿಂದ ಕರ್ತೃ ಯಾರೆಂದು ಸಿದ್ಧವಾಗದು, ನಿಜ. ಚೀಟಿಯ 1716ಕ್ಕೆ ಮಾತ್ರ ಬಾಧಕವಿಲ್ಲ.