ಸಾಕುನಾಯಿಯ ಮರುದತ್ತು

ಸಾಕುನಾಯಿಯ ಮರುದತ್ತು ಎಂದರೆ ಒಂದು ಮನೆಯಲ್ಲಿ ಬೆಳೆದ ನಾಯಿಯನ್ನು, ಅದರ ಆರೈಕೆ ಆ ಮನೆಯವರಿಗೆ ಸಾಧ್ಯವಾಗದಿದ್ದಾಗ, ಹೊಣೆ ಹೊರಲು ಒಪ್ಪಿದ ಮತ್ತೊಂದು ಮನೆಗೆ ಶಾಶ್ವತವಾಗಿ ಒಪ್ಪಿಸುವ ಕ್ರಮ. ಊರು ಬದಲಾವಣೆ, ಬಾಡಿಗೆ ಮನೆಯ ನಿರ್ಬಂಧ, ಅನಾರೋಗ್ಯ ಮತ್ತು ಖರ್ಚಿನ ಜೊತೆಗೆ, ಉದ್ಯೋಗದ ಒತ್ತಡದಿಂದ ನಾಯಿಗೆ ಸಮಯ ಕೊಡಲಾಗದಿರುವುದೂ ಇದರ ಪ್ರಮುಖ ಕಾರಣಗಳಲ್ಲಿ ಒಂದು. ನಾಯಿಯನ್ನು ಬೀದಿಯಲ್ಲಿ ಬಿಟ್ಟುಬರುವುದು ಮರುದತ್ತು ಎನಿಸುವುದಿಲ್ಲ. ಮರುದತ್ತಿನಲ್ಲಿ ಹೊಸ ಪಾಲಕರು ಯಾರೆಂಬುದು ಗೊತ್ತಿರುತ್ತದೆ ಮತ್ತು ಅವರು ಹೊಣೆ ವಹಿಸಿಕೊಳ್ಳುವವರೆಗೆ ನಾಯಿಯ ಜವಾಬ್ದಾರಿ ಹಳೆಯ ಪಾಲಕರ ಮೇಲೆಯೇ ಇರುತ್ತದೆ.

ವಿಧಗಳು

ಮರುದತ್ತು ಸಾಮಾನ್ಯವಾಗಿ ಮೂರು ರೀತಿಗಳಲ್ಲಿ ನಡೆಯುತ್ತದೆ. ಪಾಲಕರು ತಾವೇ ಪರಿಚಿತರಲ್ಲಿ ವಿಚಾರಿಸಿ ನಾಯಿಯನ್ನು ನೇರವಾಗಿ ಒಪ್ಪಿಸುವುದು ಮೊದಲನೆಯದು. ಇದರಲ್ಲಿ ನಾಯಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದರಿಂದ ಆಶ್ರಯಧಾಮದ ವಾಸ ತಪ್ಪುತ್ತದೆ. ಎರಡನೆಯದರಲ್ಲಿ ಪ್ರಾಣಿ ಕಲ್ಯಾಣ ಸಂಸ್ಥೆಯೊಂದು ನಾಯಿಯನ್ನು ತನ್ನ ಆಶ್ರಯಧಾಮಕ್ಕೆ ತೆಗೆದುಕೊಂಡು ಹೊಸ ಮನೆ ಹುಡುಕುತ್ತದೆ. ಮೂರನೆಯದು ತಾತ್ಕಾಲಿಕ ಪಾಲನೆ. ಶಾಶ್ವತ ಮನೆ ದೊರೆಯುವವರೆಗೆ ಸ್ವಯಂಸೇವಕರೊಬ್ಬರು ನಾಯಿಯನ್ನು ತಮ್ಮ ಮನೆಯಲ್ಲಿ ಇರಿಸಿಕೊಳ್ಳುತ್ತಾರೆ.

ಇತಿಹಾಸ

ಮನೆಯಿಲ್ಲದ ನಾಯಿಗಳಿಗೆ ಆಶ್ರಯ ಕೊಟ್ಟು ಹೊಸ ಒಡೆಯರನ್ನು ಹುಡುಕುವ ಸಂಘಟಿತ ಕೆಲಸ ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ರೂಪುಗೊಂಡಿತು. ಮೇರಿ ಟೀಲ್ಬಿ 1860ರಲ್ಲಿ ಲಂಡನ್ನಿನ ಹಾಲೊವೇ ಪ್ರದೇಶದಲ್ಲಿ ಆರಂಭಿಸಿದ ಆಶ್ರಯಧಾಮ 1871ರಲ್ಲಿ ಬ್ಯಾಟರ್ಸೀಗೆ ಸ್ಥಳಾಂತರಗೊಂಡು ಇಂದಿಗೂ ನಡೆಯುತ್ತಿದೆ. 1891ರಲ್ಲಿ ಸ್ಥಾಪನೆಯಾದ ಮತ್ತೊಂದು ಬ್ರಿಟಿಷ್ ಸಂಸ್ಥೆ ಈಗ ಡಾಗ್ಸ್ ಟ್ರಸ್ಟ್ ಎಂಬ ಹೆಸರಿನಲ್ಲಿದೆ. ನಾಯಿಯನ್ನು ಕ್ರಿಸ್‌ಮಸ್ ಉಡುಗೊರೆಯಾಗಿ ತಂದು ಆಮೇಲೆ ಕೈಬಿಡುವ ರೂಢಿಯ ವಿರುದ್ಧ, ನಾಯಿ ಬಾಳಿನುದ್ದದ ಹೊಣೆ ಎಂಬ ಅರ್ಥದ ಪ್ರಚಾರವಾಕ್ಯವನ್ನು ಈ ಸಂಸ್ಥೆ 1978ರಲ್ಲಿ ಬಳಕೆಗೆ ತಂದಿತು.

ಭಾರತದಲ್ಲಿ ಬ್ಲೂ ಕ್ರಾಸ್ ಆಫ್ ಇಂಡಿಯಾ 1959ರಲ್ಲಿ ಚೆನ್ನೈನಲ್ಲಿ ಆರಂಭವಾಯಿತು. ನೃತ್ಯ ಕಲಾವಿದೆ ಹಾಗೂ ರಾಜ್ಯಸಭಾ ಸದಸ್ಯೆಯಾಗಿದ್ದ ರುಕ್ಮಿಣಿ ದೇವಿ ಅರುಂಡೇಲ್ ಅವರ ಪ್ರಯತ್ನದ ಹಿನ್ನೆಲೆಯಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ 1960ರಲ್ಲಿ ಅಂಗೀಕಾರವಾಯಿತು. ಆ ಕಾಯಿದೆಯಡಿ 1962ರಲ್ಲಿ ರಚನೆಯಾದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆಯಾದರು. ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಕಂಪ್ಯಾಷನ್ ಅನ್‌ಲಿಮಿಟೆಡ್ ಪ್ಲಸ್ ಆ್ಯಕ್ಷನ್ ಸಂಸ್ಥೆಯನ್ನು ಸ್ಥಾಪಿಸಿದರು. ಕೂಪಾ ಎಂಬ ಕಿರುಹೆಸರಿನಿಂದ ಪರಿಚಿತವಾದ ಈ ಸಂಸ್ಥೆ ಮನೆಗಳಿಂದ ತೊರೆಯಲ್ಪಟ್ಟ ನಾಯಿಗಳಿಗೆ ಹೊಸ ಮನೆ ಹುಡುಕುವ ಕೆಲಸವನ್ನೂ ಮಾಡುತ್ತದೆ.

ಸಮಯದ ಕೊರತೆ

ನಾಯಿಗಳು ಸಾಮಾನ್ಯವಾಗಿ ಹತ್ತರಿಂದ ಹದಿಮೂರು ವರ್ಷ ಬದುಕುತ್ತವೆ. ಈ ಅವಧಿಯಲ್ಲಿ ಪಾಲಕರ ಉದ್ಯೋಗ, ವಿವಾಹ, ವಾಸಸ್ಥಳ ಎಲ್ಲವೂ ಬದಲಾಗಬಹುದು. ವಿದ್ಯಾರ್ಥಿಯಾಗಿದ್ದಾಗ ಅಥವಾ ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ತಂದ ನಾಯಿಗೆ, ಪಾಲಕರು ಕಚೇರಿಗೆ ಹೋಗತೊಡಗಿದ ಮೇಲೆ ದಿನಚರಿಯೇ ಬದಲಾಗಿಬಿಡುತ್ತದೆ. ಕೋವಿಡ್ ಕಾಲದಲ್ಲಿ ನಾಯಿ ತಂದವರು ಮತ್ತೆ ಕಚೇರಿಗೆ ಹಿಂದಿರುಗಬೇಕಾಗಿ ಬಂದಾಗ ಹಲವು ದೇಶಗಳಲ್ಲಿ ಈ ಪ್ರಶ್ನೆ ಚರ್ಚೆಗೆ ಬಂದಿತು. ಒಂಬತ್ತು ಗಂಟೆಯ ಕೆಲಸಕ್ಕೆ ಎರಡು ಗಂಟೆಯ ಪ್ರಯಾಣ ಸೇರಿದರೆ, ಒಬ್ಬರೇ ವಾಸಿಸುವ ಮನೆಯಲ್ಲಿ ನಾಯಿ ದಿನಕ್ಕೆ ಹನ್ನೊಂದು ಗಂಟೆ ಒಂಟಿಯಾಗಿ ಉಳಿಯುತ್ತದೆ.

ಬೆಳೆದ ನಾಯಿಯನ್ನು ಒಂದೇ ಸಲಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಒಂಟಿಯಾಗಿ ಬಿಡದಿರುವುದು ಒಳಿತೆಂದು ಬ್ರಿಟನ್ನಿನ ಪ್ರಾಣಿ ಕಲ್ಯಾಣ ಸಂಸ್ಥೆಗಳು ಸಲಹೆ ನೀಡುತ್ತವೆ. ಜರ್ಮನಿಯಲ್ಲಿ 2022ರ ಜನವರಿಯಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ನಾಯಿಗೆ ಹೊರಾಂಗಣದಲ್ಲಿ ಸಾಕಷ್ಟು ಓಡಾಟ ದೊರೆಯಬೇಕು ಮತ್ತು ಪಾಲಕರು ದಿನಕ್ಕೆ ಹಲವು ಸಲ ಅದರೊಡನೆ ಕಾಲ ಕಳೆಯಬೇಕು. ಮರಿಗಳ ಅಗತ್ಯ ಇನ್ನೂ ಹೆಚ್ಚು. ಮೂರು ತಿಂಗಳ ಮರಿಗೆ ಹಗಲಿನಲ್ಲಿ ಕೆಲವೇ ಗಂಟೆಗಳಿಗೊಮ್ಮೆ ಮೂತ್ರಕ್ಕೆ ಹೊರಗೆ ಕರೆದೊಯ್ಯುವವರು ಬೇಕು.

ಒಂಟಿತನದಿಂದ ಬಳಲುವ ನಾಯಿ ಎಡೆಬಿಡದೆ ಬೊಗಳುವುದು, ಊಳಿಡುವುದು, ಬಾಗಿಲು ಕೆರೆಯುವುದು, ಪೀಠೋಪಕರಣ ಕಡಿಯುವುದು, ಕಲಿಸಿದ್ದರೂ ಮನೆಯೊಳಗೆ ಮಲಮೂತ್ರ ಮಾಡುವುದು ಮುಂತಾದ ಲಕ್ಷಣಗಳನ್ನು ತೋರುತ್ತದೆ. ಇವುಗಳಲ್ಲಿ ಕೆಲವು ಕೇವಲ ಬೇಸರದಿಂದ ಹುಟ್ಟಿದವು. ಓಡಾಟ ಹೆಚ್ಚಿದರೆ ಅವು ಕಡಿಮೆಯಾಗುತ್ತವೆ. ಪಾಲಕರು ಹೊರಟೊಡನೆ ತೀವ್ರ ಭಯಕ್ಕೆ ಒಳಗಾಗುವ ವಿಯೋಗದ ಆತಂಕ ಬೇರೆಯೇ ಸಮಸ್ಯೆ. ಅದಕ್ಕೆ ಪಶುವೈದ್ಯರ ನೆರವು ಮತ್ತು ಕ್ರಮಬದ್ಧ ತರಬೇತಿ ಬೇಕು. ಮನೆ ಬದಲಾದ ಮಾತ್ರಕ್ಕೆ ಅದು ವಾಸಿಯಾಗುವುದಿಲ್ಲ. ಆದ್ದರಿಂದ ಸಮಸ್ಯೆ ಯಾವುದೆಂದು ತಿಳಿದ ಬಳಿಕವೇ ಮರುದತ್ತಿನ ನಿರ್ಧಾರಕ್ಕೆ ಬರುವುದು ಸೂಕ್ತ.

ನಾಯಿಯ ಮೇಲಾಗುವ ಪರಿಣಾಮ

ನಾಯಿ ಮತ್ತು ಪಾಲಕರ ಬಾಂಧವ್ಯವನ್ನು ವಿಜ್ಞಾನಿಗಳು ಪ್ರಯೋಗಗಳ ಮೂಲಕ ಪರಿಶೀಲಿಸಿದ್ದಾರೆ. ಹಂಗೇರಿಯ ಯೋಸೆಫ್ ಟೊಪಾಲ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಿಶು ಮತ್ತು ತಾಯಿಯ ಬಾಂಧವ್ಯವನ್ನು ಅಳೆಯಲು ರೂಪಿಸಿದ್ದ ಪರೀಕ್ಷೆಯನ್ನು ನಾಯಿಗಳಿಗೆ ಅಳವಡಿಸಲಾಯಿತು. ಪಾಲಕರು ಕೋಣೆಯಲ್ಲಿದ್ದಾಗ ನಾಯಿಗಳು ಹೆಚ್ಚು ನಿರಾತಂಕವಾಗಿ ಆಡುತ್ತಿದ್ದವು. ಅವರು ಹೊರಗೆ ಹೋದಾಗ ಬಾಗಿಲ ಬಳಿ ನಿಲ್ಲುತ್ತಿದ್ದವು. ಪಾಲಕರ ಅಗಲಿಕೆ ನಾಯಿಗೆ ನಿಜವಾದ ನಷ್ಟ ಎಂಬುದನ್ನು ಇದು ಸೂಚಿಸುತ್ತದೆ.

ಅದೇ ತಂಡದ ಮಾರ್ತಾ ಗಾಚಿ ಮತ್ತಿತರರು 2001ರಲ್ಲಿ ಆಶ್ರಯಧಾಮದ ನಾಯಿಗಳನ್ನು ಅಭ್ಯಸಿಸಿದರು. ಅಪರಿಚಿತ ವ್ಯಕ್ತಿಯೊಬ್ಬರು ಹತ್ತು ನಿಮಿಷಗಳಂತೆ ಮೂರು ಬಾರಿ ಒಡನಾಡಿದ ಬಳಿಕ ಆ ನಾಯಿಗಳಲ್ಲಿ ಅವರ ಬಗ್ಗೆ ಬಾಂಧವ್ಯದ ಲಕ್ಷಣಗಳು ಕಂಡುಬಂದವು. ಬೆಳೆದ ನಾಯಿಗೂ ಹೊಸ ಬಾಂಧವ್ಯ ಕಟ್ಟಿಕೊಳ್ಳುವ ಶಕ್ತಿ ಉಳಿದಿರುತ್ತದೆ ಎಂಬ ಈ ತಿಳಿವಳಿಕೆ ಮರುದತ್ತಿಗೆ ಮುಖ್ಯ ಆಧಾರ.

ಆಶ್ರಯಧಾಮಕ್ಕೆ ಸೇರಿದ ಮೊದಲ ದಿನಗಳಲ್ಲಿ ನಾಯಿಗಳ ರಕ್ತದಲ್ಲಿ ಒತ್ತಡಕ್ಕೆ ಸಂಬಂಧಿಸಿದ ಕಾರ್ಟಿಸಾಲ್ ಹಾರ್ಮೋನಿನ ಪ್ರಮಾಣ ಮನೆಯ ನಾಯಿಗಳಿಗಿಂತ ಬಹಳ ಹೆಚ್ಚಿರುವುದನ್ನು ಅಮೆರಿಕದ ಅಧ್ಯಯನಗಳು ತೋರಿಸಿವೆ. ಒಂದೆರಡು ರಾತ್ರಿ ಮನೆಯೊಂದರಲ್ಲಿ ತಂಗಿದರೂ ಅದು ಇಳಿಯುತ್ತದೆ ಎಂದು 2019ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಕಂಡುಕೊಂಡಿತು. ಸಾಧ್ಯವಿದ್ದಲ್ಲಿ ನಾಯಿಯನ್ನು ಆಶ್ರಯಧಾಮಕ್ಕೆ ಕಳುಹಿಸದೆ ಮನೆಯಿಂದ ಮನೆಗೇ ಒಪ್ಪಿಸಬೇಕು ಎಂಬ ಸಲಹೆಗೆ ಇಂಥ ಅಧ್ಯಯನಗಳು ಬೆಂಬಲ ನೀಡುತ್ತವೆ.

ಪರ್ಯಾಯಗಳು

ಸಮಯದ ಕೊರತೆ ತಾತ್ಕಾಲಿಕವೇ ಶಾಶ್ವತವೇ ಎಂಬುದನ್ನು ಮೊದಲು ನೋಡಬೇಕಾಗುತ್ತದೆ. ಕೆಲವು ತಿಂಗಳ ತರಬೇತಿ ಅಥವಾ ಹೊರಊರಿನ ನಿಯೋಜನೆಯಂಥ ಸಂದರ್ಭದಲ್ಲಿ ತಾತ್ಕಾಲಿಕ ಪಾಲನೆ ಸಾಕಾಗಬಹುದು. ದಿನವಿಡೀ ಮನೆಯಲ್ಲಿರುವ ನೆರೆಹೊರೆಯವರ ನೆರವು, ಮಧ್ಯಾಹ್ನ ನಾಯಿಯನ್ನು ಅಡ್ಡಾಡಿಸಲು ಗೊತ್ತುಮಾಡಿದ ವ್ಯಕ್ತಿ, ಹಗಲು ಪಾಲನಾ ಕೇಂದ್ರ, ಮನೆಯವರ ಪಾಳಿಗಳನ್ನು ಹೊಂದಿಸಿಕೊಳ್ಳುವುದು ಇತರ ಮಾರ್ಗಗಳು.

ನಗರದಲ್ಲಿ ಬೆಳೆದ ನಾಯಿಯನ್ನು ಹಳ್ಳಿಯ ಬಂಧುಗಳ ತೋಟದ ಮನೆಗೆ ಕಳುಹಿಸುವ ರೂಢಿಯೂ ಇದೆ. ವಿಶಾಲ ಜಾಗವೊಂದನ್ನೇ ನೋಡಿ ಈ ತೀರ್ಮಾನ ಕೈಗೊಂಡರೆ ತೊಂದರೆಯಾಗಬಹುದು. ಮನೆಯೊಳಗೆ ಜನರ ನಡುವೆ ಮಲಗುತ್ತಿದ್ದ ನಾಯಿ ಅಲ್ಲಿ ಕಾವಲಿಗೆಂದು ಸರಪಳಿಯಲ್ಲಿ ಉಳಿಯಬಹುದು. ಉಣ್ಣೆಗಳಿಂದ ಹರಡುವ ಜ್ವರ ಮತ್ತು ಹಾವಿನ ಕಡಿತದ ಅಪಾಯವಿರುತ್ತದೆ. ಚಿರತೆಗಳಿರುವ ಪ್ರದೇಶಗಳಲ್ಲಿ ರಾತ್ರಿ ಹೊರಗೆ ಕಟ್ಟಿದ ನಾಯಿ ಅವುಗಳಿಗೆ ಸುಲಭದ ಬೇಟೆ. ಅಲ್ಲಿ ನಾಯಿಯನ್ನು ಮನೆಯೊಳಗೆ ಮಲಗಿಸುವವರು ಮತ್ತು ಪಶುವೈದ್ಯರ ಬಳಿಗೆ ಕರೆದೊಯ್ಯುವವರು ಇದ್ದಾರೆಯೇ ಎಂಬುದು ಜಾಗದ ವಿಸ್ತಾರಕ್ಕಿಂತ ಮುಖ್ಯವಾದ ಪ್ರಶ್ನೆ.

ವಿಧಾನ

ಪೂರ್ವಸಿದ್ಧತೆ: ನಾಯಿಯನ್ನು ಪಶುವೈದ್ಯರಿಂದ ತಪಾಸಣೆ ಮಾಡಿಸಿ, ರೇಬೀಸ್ ಹಾಗೂ ಡಿಸ್ಟೆಂಪರ್, ಪಾರ್ವೊ ಮುಂತಾದ ರೋಗಗಳ ಲಸಿಕೆ ಮತ್ತು ಜಂತುನಾಶಕ ಔಷಧ ಕೊಡಿಸಲಾಗುತ್ತದೆ. ಹಸ್ತಾಂತರಕ್ಕೆ ಮುನ್ನವೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ರೂಢಿ. ಉಚಿತವಾಗಿ ಸಿಗುವ ತಳಿನಾಯಿಗಳನ್ನು ಪಡೆದು ಮರಿಗಳ ಮಾರಾಟಕ್ಕೆ ಬಳಸುವವರಿಂದ ಇದು ರಕ್ಷಣೆ ನೀಡುತ್ತದೆ.

ಸತ್ಯವಾದ ವಿವರಣೆ: ನಾಯಿಯ ವಯಸ್ಸು, ಕಾಯಿಲೆಗಳು, ಆಹಾರ, ಭಯಪಡುವ ಸಂಗತಿಗಳು, ಮಕ್ಕಳು ಮತ್ತು ಇತರ ಪ್ರಾಣಿಗಳೊಂದಿಗಿನ ವರ್ತನೆ, ಹಿಂದೆ ಯಾರನ್ನಾದರೂ ಕಚ್ಚಿದ್ದರೆ ಅದರ ಸಂದರ್ಭ ಇವೆಲ್ಲವನ್ನೂ ಹೊಸಬರಿಗೆ ತಿಳಿಸಬೇಕು. ನಾಯಿ ಬೇಗ ಹೋಗಲೆಂದು ದೋಷಗಳನ್ನು ಮುಚ್ಚಿಟ್ಟರೆ ಅದು ಹಿಂದಿರುಗುವ ಅಥವಾ ಎರಡನೆಯ ಮನೆಯಿಂದಲೂ ತೊರೆಯಲ್ಪಡುವ ಸಾಧ್ಯತೆ ಹೆಚ್ಚುತ್ತದೆ. ಕಚ್ಚಿದ ಸಂಗತಿಯನ್ನು ಹೇಳದಿರುವುದು ಹೊಸ ಮನೆಯ ಮಕ್ಕಳಿಗೂ ಅಪಾಯಕಾರಿ.

ಮನೆಯ ಆಯ್ಕೆ: ಹೊಸ ಮನೆಯಲ್ಲಿ ಹಗಲು ಯಾರಿರುತ್ತಾರೆ, ಎಲ್ಲ ಸದಸ್ಯರೂ ಒಪ್ಪಿದ್ದಾರೆಯೇ, ಬಾಡಿಗೆ ಮನೆಯಾಗಿದ್ದರೆ ಮಾಲೀಕರ ಸಮ್ಮತಿ ಇದೆಯೇ, ರಜೆಯಲ್ಲಿ ಊರಿಗೆ ಹೋದಾಗ ನಾಯಿಯ ವ್ಯವಸ್ಥೆ ಏನು ಎಂಬುದನ್ನು ವಿಚಾರಿಸಲಾಗುತ್ತದೆ. ಸಮಯವಿಲ್ಲವೆಂದು ಒಪ್ಪಿಸುವ ನಾಯಿಯನ್ನು ಅಷ್ಟೇ ಬಿಡುವಿಲ್ಲದ ಮನೆಗೆ ಕೊಟ್ಟರೆ ಮರುದತ್ತಿನ ಉದ್ದೇಶವೇ ವಿಫಲವಾಗುತ್ತದೆ. ತಳಿಯ ಗುಣವನ್ನೂ ಗಮನಿಸಬೇಕು. ಉದಾಹರಣೆಗೆ, ಬೇಟೆಗಾಗಿ ಬೆಳೆಸಲಾದ ಮುಧೋಳ ನಾಯಿಗೆ ವೇಗವಾಗಿ ಓಡಲು ಆವರಣವಿರುವ ಬಯಲು ಬೇಕಾಗುತ್ತದೆ.

ಭೇಟಿ ಮತ್ತು ಹಸ್ತಾಂತರ: ಹೊಸ ಕುಟುಂಬದವರು ನಾಯಿಯನ್ನು ಹಲವು ಬಾರಿ ಭೇಟಿಯಾಗಿ, ಜೊತೆಯಲ್ಲಿ ಅಡ್ಡಾಡಿ, ಬಳಿಕ ಒಂದೆರಡು ವಾರಗಳ ಮಟ್ಟಿಗೆ ಪ್ರಾಯೋಗಿಕವಾಗಿ ಇರಿಸಿಕೊಳ್ಳುತ್ತಾರೆ. ಒಪ್ಪಿಸುವಾಗ ಲಸಿಕೆಯ ಪುಸ್ತಕ, ಚಿಕಿತ್ಸೆಯ ದಾಖಲೆಗಳು, ಕೆಲವು ದಿನಗಳ ಆಹಾರ, ಹಳೆಯ ಹಾಸಿಗೆ ಮತ್ತು ಆಟಿಕೆಗಳನ್ನು ಕೊಡಲಾಗುತ್ತದೆ. ಪರಿಚಿತ ವಾಸನೆ ನಾಯಿಗೆ ಸಮಾಧಾನ ನೀಡುತ್ತದೆ. ಮೈಕ್ರೋಚಿಪ್ ಅಳವಡಿಸಿದ್ದರೆ ಅದರ ನೋಂದಣಿಯನ್ನೂ ಸ್ಥಳೀಯ ಸಂಸ್ಥೆಯ ಪರವಾನಗಿಯನ್ನೂ ಹೊಸಬರ ಹೆಸರಿಗೆ ಬದಲಾಯಿಸಬೇಕು. ಸಾಕಲಾಗದಿದ್ದರೆ ನಾಯಿಯನ್ನು ಬೇರೆಯವರಿಗೆ ಕೊಡದೆ ಮರಳಿಸಬೇಕೆಂಬ ಷರತ್ತುಳ್ಳ ಲಿಖಿತ ಒಪ್ಪಂದವನ್ನು ಹಲವು ಸಂಸ್ಥೆಗಳು ಮಾಡಿಕೊಳ್ಳುತ್ತವೆ.

ಹೊಂದಾಣಿಕೆಯ ಅವಧಿ

ಭಯ ತಗ್ಗಲು ಮೂರು ದಿನ, ದಿನಚರಿಗೆ ಒಗ್ಗಲು ಮೂರು ವಾರ, ಮನೆ ತನ್ನದೆನಿಸಲು ಮೂರು ತಿಂಗಳು ಎಂಬ ಲೆಕ್ಕವೊಂದು ದತ್ತು ವಲಯದಲ್ಲಿ ಪ್ರಚಲಿತವಾಗಿದೆ. ಇದು ಅನುಭವದಿಂದ ಬಂದ ಸ್ಥೂಲ ಅಂದಾಜು. ವಯಸ್ಸು, ಸ್ವಭಾವ ಮತ್ತು ಹಿಂದಿನ ಅನುಭವಕ್ಕೆ ತಕ್ಕಂತೆ ಅವಧಿ ಬದಲಾಗುತ್ತದೆ. ಮೊದಲ ದಿನಗಳಲ್ಲಿ ನಾಯಿ ಆಹಾರ ಬಿಡಬಹುದು, ಮೂಲೆಯಲ್ಲಿ ಅಡಗಬಹುದು, ಬಾಗಿಲು ತೆರೆದಾಗ ಹಳೆಯ ಮನೆಯನ್ನು ಹುಡುಕುತ್ತ ಓಡಿಹೋಗಬಹುದು. ಆದಕಾರಣ ಕೊರಳಪಟ್ಟಿಗೆ ಹೊಸ ಪಾಲಕರ ದೂರವಾಣಿ ಸಂಖ್ಯೆ ಕಟ್ಟುವುದೂ ಹೊರಗೆ ಹಗ್ಗವಿಲ್ಲದೆ ಬಿಡದಿರುವುದೂ ಅವಶ್ಯ. ಆಹಾರವನ್ನು ಬದಲಿಸುವುದಾದರೆ ಏಳರಿಂದ ಹತ್ತು ದಿನಗಳಲ್ಲಿ ಹಂತಹಂತವಾಗಿ ಬದಲಿಸಲಾಗುತ್ತದೆ.

ಕಾನೂನು

ಸಮಂಜಸ ಕಾರಣವಿಲ್ಲದೆ, ಹಸಿವು ಅಥವಾ ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು 1960ರ ಕಾಯಿದೆಯ 11ನೆಯ ಕಲಮಿನ ಪ್ರಕಾರ ಅಪರಾಧ. ಸದಾ ಸರಪಳಿಯಲ್ಲಿ ಅಥವಾ ಇಕ್ಕಟ್ಟಿನಲ್ಲಿ ಇಡುವ ನಾಯಿಗೆ ಒಡೆಯರು ಓಡಾಟ ಒದಗಿಸದಿರುವುದನ್ನೂ ಇದೇ ಕಲಮು ಕ್ರೌರ್ಯವೆಂದು ಪರಿಗಣಿಸುತ್ತದೆ. ಹೀಗಾಗಿ ಸಮಯವಿಲ್ಲವೆಂದು ನಾಯಿಯನ್ನು ತೊರೆಯುವುದಕ್ಕಾಗಲೀ ಮನೆಯಲ್ಲಿಯೇ ಕಟ್ಟಿಹಾಕಿ ಕಡೆಗಣಿಸುವುದಕ್ಕಾಗಲೀ ಕಾನೂನಿನ ಸಮ್ಮತಿಯಿಲ್ಲ. ಮೊದಲ ಅಪರಾಧಕ್ಕೆ ಕಾಯಿದೆ ವಿಧಿಸಿದ ದಂಡ 10ರಿಂದ 50 ರೂಪಾಯಿ. ಈ ಮೊತ್ತ ತೀರ ಅಲ್ಪವೆಂಬ ಟೀಕೆ ಬಹುಕಾಲದಿಂದ ಇದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸಾಕುಪ್ರಾಣಿಯ ಲಸಿಕೆ ಮತ್ತು ಸಂತಾನಹರಣದ ಹೊಣೆಯನ್ನು ಅದರ ಒಡೆಯರ ಮೇಲೆ ಇರಿಸಿವೆ.

ವಸತಿ ಸಮುಚ್ಚಯಗಳ ಸಂಘಗಳು ಸಾಕುನಾಯಿಗಳನ್ನು ಸಂಪೂರ್ಣವಾಗಿ ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರ ಸುತ್ತೋಲೆಯಲ್ಲಿ ತಿಳಿಸಿದೆ. ನೆರೆಯವರ ಆಕ್ಷೇಪವೊಂದನ್ನೇ ಕಾರಣವಾಗಿಸಿ ನಾಯಿಯನ್ನು ಬಿಟ್ಟುಕೊಡಬೇಕಾದ ಸಂದರ್ಭಗಳಲ್ಲಿ ಈ ಸುತ್ತೋಲೆಯನ್ನು ಉಲ್ಲೇಖಿಸಲಾಗುತ್ತದೆ.

ಬೀದಿಗೆ ಬಿಟ್ಟ ಸಾಕುನಾಯಿಗಳು

ಬೀದಿನಾಯಿಗಳಿರುವೆಡೆ ಬಿಟ್ಟರೆ ಸಾಕುನಾಯಿಯೂ ಬದುಕಿಕೊಳ್ಳುತ್ತದೆ ಎಂಬ ನಂಬಿಕೆ ತಪ್ಪು. ಬೀದಿನಾಯಿಗಳು ತಮ್ಮ ಪ್ರದೇಶಕ್ಕೆ ಬಂದ ಹೊಸ ನಾಯಿಯನ್ನು ಕಚ್ಚಿ ಓಡಿಸುತ್ತವೆ. ಆಹಾರ ಹುಡುಕಿಯಾಗಲೀ ವಾಹನ ತಪ್ಪಿಸಿಯಾಗಲೀ ರೂಢಿಯಿಲ್ಲದ ಸಾಕುನಾಯಿ ಗಾಯ, ಹಸಿವು ಮತ್ತು ರೋಗಗಳಿಗೆ ಬೇಗ ತುತ್ತಾಗುತ್ತದೆ. ದಟ್ಟ ತುಪ್ಪಳದ ಶೀತಪ್ರದೇಶದ ತಳಿಗಳಿಗೆ ಬಿಸಿಲೂ ಮಾರಕವಾಗಬಹುದು. ಸಂತಾನಹರಣವಾಗದ ನಾಯಿಯಾದರೆ ಬೀದಿಯಲ್ಲಿ ನಾಯಿಗಳ ಸಂಖ್ಯೆ ಹೆಚ್ಚುತ್ತದೆ.

ವಿದೇಶಕ್ಕೆ ವರ್ಗಾವಣೆ

ವಿದೇಶದಲ್ಲಿ ಕೆಲಸ ದೊರೆತವರು ನಾಯಿಯನ್ನು ಜೊತೆಗೆ ಒಯ್ಯಲು ಮೈಕ್ರೋಚಿಪ್, ರೇಬೀಸ್ ಲಸಿಕೆ ಮತ್ತು ಆರೋಗ್ಯ ಪ್ರಮಾಣಪತ್ರ ಹೊಂದಿರಬೇಕಾಗುತ್ತದೆ. ಭಾರತದಿಂದ ಐರೋಪ್ಯ ಒಕ್ಕೂಟ ಅಥವಾ ಬ್ರಿಟನ್ನಿಗೆ ಹೋಗುವ ನಾಯಿಗೆ ಲಸಿಕೆ ಹಾಕಿಸಿ ಕನಿಷ್ಠ 30 ದಿನಗಳ ನಂತರ ರಕ್ತಪರೀಕ್ಷೆ ನಡೆಸಿ, ಮಾದರಿ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಹೊರಡುವ ದಿನ ಹತ್ತಿರವಾದ ಮೇಲೆ ಈ ಕಾಲಾವಧಿ ತಿಳಿದು ನಾಯಿಯನ್ನು ಅವಸರದಲ್ಲಿ ಬಿಟ್ಟುಕೊಡುವ ಸಂದರ್ಭಗಳು ಉಂಟಾಗುತ್ತವೆ. ಕರ್ನಾಟಕದವರಿಗೆ ನಿರ್ಗಮನ ಪ್ರಮಾಣಪತ್ರ ನೀಡುವ ಕೇಂದ್ರ ಸರ್ಕಾರದ ಪ್ರಾಣಿ ದಿಗ್ಬಂಧನ ಕಚೇರಿ ಬೆಂಗಳೂರಿನ ಹೆಸರಘಟ್ಟದಲ್ಲಿದೆ.

ಭಿನ್ನಾಭಿಪ್ರಾಯಗಳು

ನಾಯಿಯನ್ನು ಬಿಟ್ಟುಕೊಡುವವರನ್ನು ಹೊಣೆಗೇಡಿಗಳೆಂದು ನಿಂದಿಸುವುದು ಸಾಮಾನ್ಯ. ಮರುದತ್ತು ಸುಲಭವಾದರೆ ಜನ ಯೋಚಿಸದೆ ಮರಿಗಳನ್ನು ಕೊಳ್ಳುತ್ತಾರೆ ಎಂಬುದು ಒಂದು ವಾದ. ನಿಂದನೆಗೆ ಅಂಜಿದವರು ನೆರವು ಕೇಳದೆ ನಾಯಿಯನ್ನು ರಾತ್ರೋರಾತ್ರಿ ದೂರ ಬಿಟ್ಟುಬರುತ್ತಾರೆ, ಹಾಗಾಗಿ ಮುಂಚಿತವಾಗಿ ಬಂದು ಸತ್ಯ ಹೇಳುವವರಿಗೆ ದಾರಿ ತೆರೆದಿರಬೇಕು ಎಂಬುದು ಇನ್ನೊಂದು ವಾದ. ಆಶ್ರಯಧಾಮಗಳಲ್ಲಿ ಸ್ಥಳ ಸೀಮಿತವಾಗಿದ್ದು, ವಯಸ್ಸಾದ, ದೊಡ್ಡ ಗಾತ್ರದ ಮತ್ತು ಕಾಯಿಲೆಯ ನಾಯಿಗಳಿಗೆ ಮನೆ ದೊರೆಯಲು ಹೆಚ್ಚು ಕಾಲ ಬೇಕಾಗುತ್ತದೆ. ಪಾಲಕರು ಕೊನೆಯ ವಾರದವರೆಗೆ ಕಾಯದೆ ತಿಂಗಳುಗಳ ಮೊದಲೇ ಹುಡುಕಾಟ ಆರಂಭಿಸಿದರೆ ಇಂಥ ನಾಯಿಗಳಿಗೂ ಮನೆ ಸಿಗುವ ಸಾಧ್ಯತೆ ಹೆಚ್ಚುತ್ತದೆ.

ಇವನ್ನೂ ನೋಡಿ

ನಾಯಿ
ಮುಧೋಳ ನಾಯಿ
ರೇಬೀಸ್
ರುಕ್ಮಿಣಿ ದೇವಿ ಅರುಂಡೇಲ್
ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ