ಅಂಗಡಿ ಮುಚ್ಚಿತು, ಹೆಸರು ಎಲ್ಲಿ ಹೋಯಿತು?

ಮುಂದಕ್ಕೆ ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಮನೆಯವರ ಅಪ್ಪಣೆ ಪಡೆದು, ಮಿಕ್ಸಿಯ ಪ್ಲಗ್ ಕಿತ್ತು, ಜಾರನ್ನು ಪಕ್ಕಕ್ಕಿಟ್ಟು, ಅದನ್ನೊಮ್ಮೆ ಮಗುಚಿ ನೋಡಿ. ಮುಂಭಾಗದಲ್ಲಿ ದಪ್ಪ ಅಕ್ಷರಗಳಲ್ಲಿ ಒಂದು ಹೆಸರಿದೆ. ತಳದಲ್ಲಿ ಅಂಟಿಸಿದ ಚೀಟಿಯಲ್ಲೋ, ಅದು ಬಂದ ಡಬ್ಬದ ಮೇಲೋ, ತಯಾರಿಸಿದವರು ಯಾರು, ಮಾರುವವರು ಯಾರು ಎಂಬುದು ಇರುವೆಸಾಲಿನಂಥ ಅಕ್ಷರಗಳಲ್ಲಿ ಮುದ್ರಿತವಾಗಿರುತ್ತದೆ. ದಪ್ಪ ಅಕ್ಷರದ ಹೆಸರು ತಯಾರಿಸಿದವರದೇ ಆಗಿರಬಹುದು. ಅದು ಮಾರಿದ ಅಂಗಡಿಯದಾಗಿದ್ದರೆ, ಈ ಲೇಖನ ನಿಮ್ಮ ಮನೆಯನ್ನೇ ಕುರಿತದ್ದು.

ತ್ಯಾಗರಾಜನಗರದ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಕಾಲ 1980ರ ಸುಮಾರು. ಹಜಾರದಲ್ಲಿ ಮರ್ಫಿ ರೇಡಿಯೊ, ತಲೆಯ ಮೇಲೆ ಉಷಾ ಫ್ಯಾನು, ಅನುಕೂಲವಂತರಾದರೆ ಕೆಲ್ವಿನೇಟರ್ ಫ್ರಿಜ್ಜು, ಅಡುಗೆಮನೆಯಲ್ಲಿ ಒರಳುಕಲ್ಲಿಗೆ ಪ್ರತಿಸ್ಪರ್ಧಿಯಾಗಿ ಬಂದ ಸುಮೀತ್ ಮಿಕ್ಸಿ. ಇವನ್ನು ಕೊಂಡದ್ದು ಡಿ.ವಿ.ಜಿ. ರಸ್ತೆಯಲ್ಲೋ ಜಯನಗರ ನಾಲ್ಕನೇ ಬ್ಲಾಕಿನಲ್ಲೋ ಇದ್ದ ಒಂದು ಅಂಗಡಿಯಲ್ಲಿ ಎಂದಿಟ್ಟುಕೊಳ್ಳಿ. ಈ ಖರೀದಿಯ ಹಿಂದೆ ಎರಡು ನಂಬಿಕೆಗಳಿದ್ದವು. ವಸ್ತು ಬಾಳಿಕೆ ಬರುತ್ತದೆಂಬ ನಂಬಿಕೆ ಕಾರ್ಖಾನೆಯ ಮೇಲೆ. ಬೆಲೆ ಸರಿಯಾಗಿ ಹೇಳುತ್ತಾರೆ, ಕೆಟ್ಟರೆ ಆಳು ಕಳಿಸುತ್ತಾರೆ ಎಂಬ ನಂಬಿಕೆ ಅಂಗಡಿಯವರ ಮೇಲೆ. ಎರಡೂ ಬೇರೆ ಬೇರೆ ಕೈಗಳಲ್ಲಿದ್ದವು. ಅಂಗಡಿಯ ಯಜಮಾನರು ತೀರಿಕೊಂಡು ಮಕ್ಕಳು ವ್ಯಾಪಾರ ಬಿಟ್ಟರೂ ಉಷಾ ಫ್ಯಾನಿಗೆ ಏನೂ ಆಗುತ್ತಿರಲಿಲ್ಲ. ಅದೇ ಫ್ಯಾನನ್ನು ಮಾರುವ ಇನ್ನೊಬ್ಬರು ಎರಡು ಬೀದಿಯಾಚೆ ಇರುತ್ತಿದ್ದರು.

ಈ ಎರಡು ನಂಬಿಕೆಗಳನ್ನು ಒಂದೇ ಕೈಗೆ ತಂದದ್ದು ದೊಡ್ಡ ಅಂಗಡಿಗಳು. 2001ರಲ್ಲಿ ಕಿಶೋರ್ ಬಿಯಾನಿಯವರ ಸಂಸ್ಥೆ ಕೋಲ್ಕತ್ತ, ಹೈದರಾಬಾದ್ ಮತ್ತು ಬೆಂಗಳೂರುಗಳಲ್ಲಿ ಒಂದರ ಹಿಂದೊಂದರಂತೆ ಬಿಗ್ ಬಜಾರ್ ಮಳಿಗೆಗಳನ್ನು ತೆರೆಯಿತು. ತ್ಯಾಗರಾಜನಗರದಿಂದ ಅನತಿ ದೂರದ ಕತ್ರಿಗುಪ್ಪೆಯಲ್ಲೂ ವರ್ತುಲ ರಸ್ತೆಗೆ ಮುಖಮಾಡಿ ಒಂದು ಬಿಗ್ ಬಜಾರ್ ಬಂತು; ಆಟೋದವರಿಗೆ ವಿಳಾಸ ಹೇಳುವಾಗ ಅದೇ ಗುರುತಾಯಿತು. 2006ರ ಗಣರಾಜ್ಯೋತ್ಸವದಂದು ಈ ಮಳಿಗೆಗಳು ಆರಂಭಿಸಿದ ರಿಯಾಯಿತಿ ಮಾರಾಟಕ್ಕೆ ದೇಶದ ನಾನಾ ನಗರಗಳಲ್ಲಿ ನೂಕುನುಗ್ಗಲಾದದ್ದನ್ನು ನಿಮ್ಮ ತಂದೆ ತಾಯಿಯರು ನೆನಪಿಸಿಕೊಳ್ಳಬಹುದು. ಅಕ್ಕಿ, ಸೋಪು, ಬಕೆಟ್ಟುಗಳ ಜೊತೆಗೆ ಅಲ್ಲಿ ಕೊರಿಯೊ ಎಂಬ ಹೆಸರಿನ ಟಿ.ವಿ., ವಾಷಿಂಗ್ ಮೆಷಿನ್, ಇಸ್ತ್ರಿ ಪೆಟ್ಟಿಗೆ, ಮಿಕ್ಸಿಗಳೂ ಇದ್ದವು. ಅದು ಬಿಗ್ ಬಜಾರನ್ನು ನಡೆಸುತ್ತಿದ್ದ ಫ್ಯೂಚರ್ ಸಮೂಹದ ಸ್ವಂತ ಬ್ರ್ಯಾಂಡು. ಆ ಸಮೂಹದ ಇ-ಜೋನ್ ಎಂಬ ವಿದ್ಯುನ್ಮಾನ ಮಳಿಗೆಗಳಲ್ಲೂ ಅದು ಮಾರಾಟವಾಗುತ್ತಿತ್ತು.

ಹೆಸರಿನ ಬಗ್ಗೆ ಒಂದು ಮಾತು. ಕೊರಿಯೊ ಎಂಬುದು 918ರಿಂದ 1392ರವರೆಗೆ ಕೊರಿಯಾವನ್ನು ಆಳಿದ ರಾಜ್ಯದ ಹೆಸರು. ಕೊರಿಯಾ ಎಂಬ ಹೆಸರು ಹುಟ್ಟಿದ್ದೂ ಅದರಿಂದಲೇ. ಸ್ಯಾಮ್‌ಸಂಗ್ ಮತ್ತು ಎಲ್.ಜಿ. 1990ರ ದಶಕದಲ್ಲಿ ಭಾರತಕ್ಕೆ ಬಂದು ಮನೆಮನೆಗಳಲ್ಲಿ ಕೂತಿದ್ದವು. ಅಂಥ ಕಾಲದಲ್ಲಿ ಮುಂಬೈಯ ಒಂದು ಸಮೂಹದ ವಾಷಿಂಗ್ ಮೆಷಿನ್ನಿಗೆ ಕೊರಿಯಾದ ರಾಜವಂಶದ ಹೆಸರು ಬಂದರೆ ಗಿರಾಕಿಯ ಕಿವಿಗೆ ಹೇಗೆ ಕೇಳಿಸುತ್ತದೆ ಎಂಬುದನ್ನು ವಿವರಿಸಬೇಕಿಲ್ಲ. ಬ್ರಿಟನ್ನಿನ ಡಿಕ್ಸನ್ಸ್ ಅಂಗಡಿಗಳು ತಮ್ಮ ಸ್ವಂತ ಬ್ರ್ಯಾಂಡಿಗೆ ಮಾತ್ಸುಯಿ ಎಂಬ ಜಪಾನೀ ಹೆಸರನ್ನಿಟ್ಟದ್ದೂ ಇಂಥದೇ ಜಾಣತನ.

ಅಂಗಡಿಗೆ ಇದರಿಂದ ಲಾಭವೇನು? ಹೆಸರಾಂತ ಕಂಪನಿಯ ಮಿಕ್ಸಿಯ ಬೆಲೆಯಲ್ಲಿ ಜಾಹೀರಾತಿನ ಖರ್ಚು, ಕಂಪನಿಯ ಲಾಭ, ವಿತರಕರ ಪಾಲು ಎಲ್ಲವೂ ಸೇರಿರುತ್ತವೆ. ದೊಡ್ಡ ಅಂಗಡಿಗಾದರೋ ಕಪಾಟು ತನ್ನದೇ, ಒಳಗೆ ಬರುವ ಜನವೂ ತನ್ನವರೇ. ಯಾವುದಾದರೊಂದು ಕಾರ್ಖಾನೆಯಿಂದ ಸಾವಿರಗಟ್ಟಲೆ ಮಾಡಿಸಿ, ತನ್ನ ಹೆಸರನ್ನು ಅಂಟಿಸಿ, ಪಕ್ಕದ ಮಿಕ್ಸಿಗಿಂತ ಕಡಿಮೆ ಬೆಲೆಗೆ ಮಾರಿದರೂ ಅಂಗಡಿಗೆ ಹೆಚ್ಚು ಉಳಿಯುತ್ತದೆ. ಗಿರಾಕಿಗೂ ಉಳಿತಾಯ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಇಂಥ ಹೆಸರಿಗೆ ಸಾಮಾನ್ಯವಾಗಿ ಸ್ವಂತ ಕಾರ್ಖಾನೆಯಿಲ್ಲ, ಬೇರೆ ಅಂಗಡಿಯಲ್ಲಿ ಜಾಗವಿಲ್ಲ. ಅಂಗಡಿ ನಿಂತಿರುವ ತನಕ ಅದರ ನೆರಳಿನಲ್ಲಿ ಅದು ಬದುಕುತ್ತದೆ.

ಆ ಅಂಗಡಿಯೇ ಕುಸಿದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಸಾಲದ ಹೊರೆ ಹೊತ್ತಿದ್ದ ಫ್ಯೂಚರ್ ಸಮೂಹಕ್ಕೆ 2020ರ ಲಾಕ್‌ಡೌನ್ ದೊಡ್ಡ ಪೆಟ್ಟು ಕೊಟ್ಟಿತು. ಅದೇ ವರ್ಷದ ಆಗಸ್ಟ್‌ನಲ್ಲಿ ತನ್ನ ಅಂಗಡಿ ಮತ್ತು ಗೋದಾಮುಗಳ ವ್ಯವಹಾರವನ್ನು 24,713 ಕೋಟಿ ರೂಪಾಯಿಗೆ ರಿಲಯನ್ಸಿಗೆ ಮಾರಲು ಅದು ಒಪ್ಪಿತು. 2019ರಲ್ಲಿ ಸಮೂಹದ ಒಂದು ಕಂಪನಿಯಲ್ಲಿ ಹಣ ಹೂಡಿದ್ದ ಅಮೆಜಾನ್, ಇದು ತನ್ನ ಒಪ್ಪಂದಕ್ಕೆ ವಿರುದ್ಧವೆಂದು ತಕರಾರು ತೆಗೆಯಿತು. ವ್ಯಾಜ್ಯ ಸಿಂಗಪುರದ ಮಧ್ಯಸ್ಥಿಕೆಯವರೆಗೆ, ದೆಹಲಿಯ ನ್ಯಾಯಾಲಯಗಳವರೆಗೆ ಅಲೆಯಿತು. ಇತ್ತ ಮಳಿಗೆಗಳ ಬಾಡಿಗೆ ಬಾಕಿಯಾಯಿತು. ಎಷ್ಟೋ ಕಟ್ಟಡಗಳ ಗುತ್ತಿಗೆ ರಿಲಯನ್ಸಿನ ಹೆಸರಿಗೆ ವರ್ಗವಾಗಿತ್ತು. 2022ರ ಫೆಬ್ರವರಿಯ ಕೊನೆಯಲ್ಲಿ ಅದು ಆ ಮಳಿಗೆಗಳನ್ನು ವಶಕ್ಕೆ ತೆಗೆದುಕೊಳ್ಳತೊಡಗಿತು. ಸಾಲ ಕೊಟ್ಟ ಬ್ಯಾಂಕುಗಳು ಮಾರಾಟಕ್ಕೆ ಒಪ್ಪದ್ದರಿಂದ ಏಪ್ರಿಲ್‌ನಲ್ಲಿ ವ್ಯವಹಾರವೇ ಮುರಿದುಬಿತ್ತು. 2022ರ ಜುಲೈ 20ರಂದು ಮುಂಬೈಯ ಕಂಪನಿ ಕಾನೂನು ನ್ಯಾಯಮಂಡಳಿ ಫ್ಯೂಚರ್ ರಿಟೇಲನ್ನು ದಿವಾಳಿ ಪ್ರಕ್ರಿಯೆಗೆ ಒಳಪಡಿಸಿತು. ಕೊಳ್ಳುವವರು ಸರಿಹೋಗದೆ, 2024ರ ಜುಲೈನಲ್ಲಿ ಆಸ್ತಿ ಮಾರಿ ಕಂಪನಿಯನ್ನು ಮುಚ್ಚಬೇಕೆಂಬ ಆದೇಶವಾಯಿತು. ಹಳೆಯ ಬಿಗ್ ಬಜಾರ್‌ಗಳಿದ್ದ ಹಲವು ಕಟ್ಟಡಗಳಲ್ಲಿ ಸ್ಮಾರ್ಟ್ ಬಜಾರ್ ಎಂಬ ಹೊಸ ಫಲಕ ಬಂತು. ಕೊರಿಯೊ ಹೆಸರು ಹುಟ್ಟಿ ಬೆಳೆದಿದ್ದ ಕಪಾಟುಗಳು ಇಲ್ಲವಾದವು.

ಈಗ ಆ ತ್ಯಾಗರಾಜನಗರದ ಮನೆಗೆ ಮತ್ತೆ ಬನ್ನಿ. ಕಾಲ ಬದಲಾಗಿದೆ, ಒರಳುಕಲ್ಲು ಹಿತ್ತಲಿಗೆ ಹೋಗಿದೆ. ಮನೆಯವರು ಯಾವುದೋ ದೊಡ್ಡ ಅಂಗಡಿಯ ಸ್ವಂತ ಬ್ರ್ಯಾಂಡಿನ ವಾಷಿಂಗ್ ಮೆಷಿನ್ ಕೊಂಡು ವರ್ಷವಾಗಿಲ್ಲ, ಅಂಗಡಿ ದಿವಾಳಿಯಾಗಿದೆ, ಮೆಷಿನ್ನು ತಿರುಗುವುದನ್ನು ನಿಲ್ಲಿಸಿದೆ ಎಂದು ಊಹಿಸಿಕೊಳ್ಳಿ. ಕೈಯಲ್ಲಿ ಬಿಲ್ಲಿದೆ, ವಾರಂಟಿ ಕಾರ್ಡಿದೆ. ಯಾರನ್ನು ಕೇಳಬೇಕು?

ಕಾನೂನು ಇಲ್ಲಿ ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ತಡೆಹಿಡಿಯುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ತಯಾರಕ' ಎಂಬ ಪದವನ್ನು ವಿಶಾಲವಾಗಿ ಬಳಸುತ್ತದೆ: ಬೇರೊಬ್ಬರು ಮಾಡಿದ ವಸ್ತುವಿನ ಮೇಲೆ ತನ್ನ ಗುರುತನ್ನು ಹಾಕಿದವನೂ ತಯಾರಕನೇ. ವಸ್ತುವಿನ ದೋಷದಿಂದ ಹಾನಿಯಾದರೆ 'ನಾನು ಬರಿಯ ಅಂಗಡಿಯವನು' ಎಂದು ಅವನು ಜಾರಿಕೊಳ್ಳುವಂತಿಲ್ಲ. ಬಹಳ ಒಳ್ಳೆಯ ನಿಯಮ. ಆದರೆ 2016ರ ದಿವಾಳಿ ಸಂಹಿತೆಯ ಪ್ರಕಾರ, ಕಂಪನಿಯೊಂದು ದಿವಾಳಿ ಪ್ರಕ್ರಿಯೆಗೆ ಒಳಗಾದೊಡನೆ ಅದರ ಮೇಲಿನ ದಾವೆಗಳಿಗೆಲ್ಲ ತಡೆ ಬೀಳುತ್ತದೆ. ಆಸ್ತಿ ಚೂರುಚೂರಾಗಿ ಎಲ್ಲರ ಪಾಲಾಗದಿರಲೆಂದು ಮಾಡಿದ ಏರ್ಪಾಡು ಇದು. ಕೊನೆಗೆ ಆಸ್ತಿ ಮಾರಿದಾಗಲೂ ಹಣಕ್ಕೊಂದು ಸರತಿಯಿದೆ. ಮೊದಲು ಪ್ರಕ್ರಿಯೆಯ ವೆಚ್ಚ, ಆಮೇಲೆ ಆಸ್ತಿಯ ಆಧಾರದ ಮೇಲೆ ಸಾಲ ಕೊಟ್ಟವರು ಮತ್ತು ಕಾರ್ಮಿಕರ 24 ತಿಂಗಳ ಬಾಕಿ, ಅನಂತರ ಉಳಿದ ನೌಕರರು, ಆಧಾರವಿಲ್ಲದೆ ಸಾಲ ಕೊಟ್ಟವರು, ಸರ್ಕಾರದ ತೆರಿಗೆ, ಹೀಗೆ. ವಾರಂಟಿ ಕಾರ್ಡು ಹಿಡಿದವರು ನಿಲ್ಲಬೇಕಾದದ್ದು ಬಹಳ ಹಿಂದೆ. ಸಾವಿರ ಕೋಟಿಗಳ ಆ ಸಾಲಿನಲ್ಲಿ ಎಂಟು ನೂರು ರೂಪಾಯಿಯ ಬೋರ್ಡಿಗಾಗಿ ಅರ್ಜಿ ಹಾಕುವವರಾದರೂ ಯಾರು?

ಹೆಸರಿನ ಗತಿ ಮಾತ್ರ ಬೇರೆ. 1999ರ ವ್ಯಾಪಾರ ಚಿಹ್ನೆಗಳ ಕಾಯ್ದೆಯಡಿ ನೋಂದಾಯಿತ ಹೆಸರು ಸೈಟಿನಂತೆ, ಬಂಗಾರದಂತೆ ಒಂದು ಆಸ್ತಿ. ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಎಷ್ಟು ಕಾಲ ಬೇಕಾದರೂ ಇಟ್ಟುಕೊಳ್ಳಬಹುದು, ಮಾರಬಹುದು, ಬಾಡಿಗೆಗೂ ಕೊಡಬಹುದು. ಕೊಂಡವನು ಹೊಸ ಕಾರ್ಖಾನೆಯಲ್ಲಿ ಹೊಸ ವಸ್ತುವನ್ನು ಮಾಡಿಸಿ ಅದೇ ಹೆಸರನ್ನು ಹಚ್ಚಬಹುದು. ಹಿಂದಿನವರು ಕೊಟ್ಟ ವಾರಂಟಿಯ ಮಾತನ್ನೂ ತನ್ನ ಮೇಲೆ ಹಾಕಿಕೊಳ್ಳಬೇಕೆಂದೇನೂ ಇಲ್ಲ. ಕೊಳ್ಳುವಾಗಿನ ಕರಾರಿನಲ್ಲಿ ಅದನ್ನು ಬರೆದಿದ್ದರೆ ಮಾತ್ರ ಉಂಟು. ಹೆಸರು ಮತ್ತು ಮಾತು ಅಂಗಡಿಯ ಬಾಗಿಲಲ್ಲೇ ಬೇರೆಯಾಗಿಬಿಡುತ್ತವೆ.

ಇದು ಎಷ್ಟು ದೊಡ್ಡ ಪ್ರಮಾಣದಲ್ಲಿ ನಡೆಯಬಲ್ಲದು ಎಂಬುದಕ್ಕೆ ಅಮೆರಿಕದ ಸಿಯರ್ಸ್ ಅಂಗಡಿಯ ಕಥೆಯನ್ನು ನೋಡಬೇಕು. 1886ರಲ್ಲಿ ರಿಚರ್ಡ್ ಸಿಯರ್ಸ್ ಎಂಬ ರೈಲ್ವೆ ನೌಕರ ಜೇಬುಗಡಿಯಾರ ಮಾರಲು ತೊಡಗಿದ್ದರಿಂದ ಹುಟ್ಟಿದ ವ್ಯಾಪಾರವಿದು. ಅಂಚೆಯಲ್ಲಿ ಕಳಿಸುತ್ತಿದ್ದ ದಪ್ಪನೆಯ ಪಟ್ಟಿಯ ಮೂಲಕ ಅದು ಹಳ್ಳಿಹಳ್ಳಿಯ ರೈತರನ್ನೂ ತಲುಪಿತು. ಅದರ ಸ್ವಂತ ಬ್ರ್ಯಾಂಡಾದ ಕೆನ್‌ಮೋರ್ 1913ರಲ್ಲಿ ಹೊಲಿಗೆ ಯಂತ್ರದ ಮೇಲೂ 1927ರಲ್ಲಿ ಬಟ್ಟೆ ಒಗೆಯುವ ಯಂತ್ರದ ಮೇಲೂ ಕಾಣಿಸಿಕೊಂಡಿತು. ಮುಂದೆ ಆ ದೇಶದ ಮನೆಗಳಲ್ಲಿ ಅದು ಅತಿ ಪರಿಚಿತ ಹೆಸರುಗಳಲ್ಲೊಂದಾಯಿತು. ಆದರೆ ಕೆನ್‌ಮೋರ್ ಎಂಬ ಕಾರ್ಖಾನೆ ಎಲ್ಲಿಯೂ ಇರಲಿಲ್ಲ. ಒಗೆಯುವ ಯಂತ್ರಗಳನ್ನು ಮಾಡಿಕೊಡುತ್ತಿದ್ದದ್ದು ಮಿಷಿಗನ್ ರಾಜ್ಯದಲ್ಲಿ 1911ರಲ್ಲಿ ಆರಂಭವಾಗಿ, 1916ರಿಂದ ಸಿಯರ್ಸಿಗೆ ಸರಬರಾಜು ಮಾಡುತ್ತಿದ್ದ ಒಂದು ಸಣ್ಣ ಕಂಪನಿ. ಅದು ಬಹಳ ಕಾಲ ಒಬ್ಬನೇ ದೊಡ್ಡ ಗಿರಾಕಿಯನ್ನು ನಂಬಿಕೊಂಡಿತ್ತು. ಎರಡನೇ ಮಹಾಯುದ್ಧದ ನಂತರ ಅದು ತನ್ನದೇ ಹೆಸರಿನಲ್ಲಿಯೂ ಯಂತ್ರಗಳನ್ನು ಮಾರತೊಡಗಿತು. ಆ ಹೆಸರು ನಿಮಗೆ ಗೊತ್ತು: ವರ್ಲ್‌ಪೂಲ್.

ಸಿಯರ್ಸ್ 2005ರಲ್ಲಿ ಕೆ-ಮಾರ್ಟ್ ಜೊತೆ ಒಂದಾಗಿ, ಆಮೇಲೆ ವರ್ಷವರ್ಷಕ್ಕೂ ಕುಗ್ಗುತ್ತ ಹೋಯಿತು. ಕೈಯಲ್ಲಿ ಕಾಸಿಲ್ಲದಾಗ ಮನೆಯ ಬೆಳ್ಳಿ ಸಾಮಾನು ಹೊರಗೆ ಬರುವಂತೆ ಅದರ ಹೆಸರುಗಳು ಮಾರುಕಟ್ಟೆಗೆ ಬಂದವು. ಕ್ರಾಫ್ಟ್ಸ್‌ಮನ್ ಎಂಬ ಉಪಕರಣಗಳ ಹೆಸರನ್ನು 2017ರಲ್ಲಿ ಸುಮಾರು 90 ಕೋಟಿ ಡಾಲರಿಗೆ ಮಾರಿತು. ಕೆನ್‌ಮೋರ್ ಯಂತ್ರಗಳನ್ನು ಅದೇ ವರ್ಷ ಅಮೆಜಾನಿನಲ್ಲಿ ಮಾರಾಟಕ್ಕಿಟ್ಟಿತು. ವರ್ಲ್‌ಪೂಲ್ ಹೆಸರಿನ ವಸ್ತುಗಳು ನೂರು ವರ್ಷಕ್ಕೂ ಮೀರಿದ ಸಂಬಂಧ ಕಡಿದುಕೊಂಡು ಸಿಯರ್ಸಿನಿಂದ ಹೊರಬಿದ್ದದ್ದೂ ಆಗಲೇ. 2018ರ ಅಕ್ಟೋಬರ್ 15ರಂದು ಸಿಯರ್ಸ್ ದಿವಾಳಿ ಅರ್ಜಿ ಹಾಕಿತು. ಮಾಡುವ ಕೈ ಉಳಿಯಿತು, ಮಾರುವ ಅಂಗಡಿ ಹೋಯಿತು. ಕೆನ್‌ಮೋರ್ ಎಂಬ ಹೆಸರು ಬೇರೆಯವರ ಅಂಗಡಿಗಳಲ್ಲಿ ಜಾಗ ಹುಡುಕುತ್ತ ಹೊರಟಿತು.

ಆದರೂ ಹಳೆಯ ಕೆನ್‌ಮೋರ್ ಇದ್ದ ಅಮೆರಿಕದ ಮನೆಗಳು ಪೂರ್ತಿ ಅನಾಥವಾಗಲಿಲ್ಲ. ಅದಕ್ಕೆ ಕಾರಣ ಯಂತ್ರದ ಮೇಲಿನ ಮಾದರಿ ಸಂಖ್ಯೆ. ಅದರ ಮೊದಲ ಮೂರು ಅಂಕಿಗಳು ಅದನ್ನು ನಿಜವಾಗಿ ಮಾಡಿದವರು ಯಾರೆಂಬ ಗುಟ್ಟನ್ನು ಹೇಳುತ್ತವೆ. 110 ಎಂದಿದ್ದರೆ ವರ್ಲ್‌ಪೂಲ್, 795 ಎಂದಿದ್ದರೆ ಎಲ್.ಜಿ. ರಿಪೇರಿಯವರು ಈ ಸಂಖ್ಯೆ ನೋಡಿ, ಆಯಾ ಕಂಪನಿಯ ಭಾಗಗಳನ್ನೇ ತರಿಸಿ ಕೂಡಿಸುತ್ತಾರೆ.

ನಮ್ಮ ಬೆಂಗಳೂರಿನಲ್ಲಿ ಇದೇ ಕಥೆ ತಿರುಗುಮುರುಗಾಗಿಯೂ ನಡೆದಿದೆ. ಟಿ.ಪಿ.ಜಿ. ನಂಬಿಯಾರ್ ಅವರು 1963ರಲ್ಲಿ ಪಾಲಕ್ಕಾಡಿನಲ್ಲಿ ಆರಂಭಿಸಿದ ಬಿ.ಪಿ.ಎಲ್. ಬೆಂಗಳೂರನ್ನು ಕೇಂದ್ರ ಮಾಡಿಕೊಂಡು ಬೆಳೆದ ಕಂಪನಿ. 1982ರ ಏಷ್ಯನ್ ಕ್ರೀಡಾಕೂಟದೊಂದಿಗೆ ಬಣ್ಣದ ಟಿ.ವಿ. ಬಂದ ಮೇಲೆ, 1990ರ ದಶಕದಲ್ಲಿ ಅದು ದೇಶದ ಮುಂಚೂಣಿಯ ಟಿ.ವಿ. ತಯಾರಕರಲ್ಲೊಂದಾಗಿತ್ತು. ಇಲ್ಲಿ ಮೊದಲಿದ್ದದ್ದು ಕಾರ್ಖಾನೆ, ಹೆಸರು ಅದರಿಂದ ಹುಟ್ಟಿದ್ದು. ಕಂಪನಿ ಇಳಿಮುಖವಾದ ಮೇಲೂ ಹೆಸರಿನ ನೆನಪು ಜನರಲ್ಲಿ ಉಳಿಯಿತು. 2021ರಲ್ಲಿ ರಿಲಯನ್ಸ್ ರಿಟೇಲ್ ಆ ಹೆಸರನ್ನು ಬಳಸುವ ಪರವಾನಗಿ ಪಡೆಯಿತು. ನಂಬಿಯಾರ್ ಅವರು 2024ರ ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ ನಿಧನರಾಗುವ ಹೊತ್ತಿಗೆ ಅವರ ಕಂಪನಿಯ ಹೆಸರು ಅಂಗಡಿಯೊಂದರ ಕಪಾಟಿನ ಹೆಸರಾಗಿತ್ತು. ನಾವು ಮೊದಲು ಕಂಡ ಆ ಕೆಲ್ವಿನೇಟರ್ ಫ್ರಿಜ್ಜಿನ ದಾರಿ ಇನ್ನೂ ವಿಚಿತ್ರ. 1990ರ ದಶಕದಲ್ಲಿ ಭಾರತದ ಕಾರ್ಖಾನೆ ವರ್ಲ್‌ಪೂಲ್ ಪಾಲಾಯಿತು, ಹೆಸರು ಎಲೆಕ್ಟ್ರೋಲಕ್ಸ್ ಬಳಿ ಉಳಿಯಿತು. 2025ರ ಜುಲೈನಲ್ಲಿ ಆ ಹೆಸರನ್ನು ರಿಲಯನ್ಸ್ ಕೊಂಡುಕೊಂಡಿತು. ಕಾರ್ಖಾನೆಯ ಹೆಸರಾಗಿ ಹುಟ್ಟಿದ್ದು ಕೊನೆಗೆ ಅಂಗಡಿಯ ಹೆಸರಾಯಿತು. ಅಂಗಡಿಯ ನೆರಳು ದೊಡ್ಡದಿರುವಾಗ ಇದರಿಂದ ಯಾರಿಗೂ ತೊಂದರೆಯಿಲ್ಲ. ಬಿಗ್ ಬಜಾರಿನ ನೆರಳೂ ಒಂದು ಕಾಲಕ್ಕೆ ದೊಡ್ಡದೇ ಇತ್ತೆಂಬುದು ಮಾತ್ರ ನನ್ನ ಅನುಮಾನಕ್ಕೆ ಕಾರಣ.

ನಿಮ್ಮ ಬೀದಿಯ ರಿಪೇರಿ ಅಂಗಡಿಗೆ ಒಮ್ಮೆ ಹೋಗಿ ನಿಂತು ನೋಡಿ. ಮಿಕ್ಸಿ ತಂದವರನ್ನು ಅವರು ಯಾವ ಬ್ರ್ಯಾಂಡೆಂದು ಹೆಚ್ಚು ಕೇಳುವುದಿಲ್ಲ; ಕಪ್ಲರ್, ಕಾರ್ಬನ್ ಬ್ರಷ್‌ಗಳಂಥ ಭಾಗಗಳು ಡಬ್ಬದಲ್ಲಿ ರಾಶಿಯಾಗಿರುತ್ತವೆ, ಹೊಂದುವುದನ್ನು ಹಾಕಿ ಕೊಡುತ್ತಾರೆ. ವಾಷಿಂಗ್ ಮೆಷಿನ್ನಿನ ಎಲೆಕ್ಟ್ರಾನಿಕ್ ಬೋರ್ಡಿನ ಮಾತು ಹಾಗಲ್ಲ. ಅದು ಆ ಮಾದರಿಗೇ ಬೇಕು. ಆಗ ಅವರು ಎದುರಿನ ದಪ್ಪ ಅಕ್ಷರದ ಹೆಸರನ್ನು ಬಿಟ್ಟು, ಮೆಷಿನ್ನನ್ನು ಗೋಡೆಯಿಂದ ಎಳೆದು, ಹಿಂದಿನ ಚೀಟಿಯ ಮೇಲಿನ ಧೂಳನ್ನು ಒರೆಸುತ್ತಾರೆ. ಸಣ್ಣ ಅಕ್ಷರದಲ್ಲಿರುವ ಆ ಇನ್ನೊಂದು ವಿಳಾಸವನ್ನು, ಪಕ್ಕದ ಮಾದರಿ ಸಂಖ್ಯೆಯನ್ನು ಕನ್ನಡಕ ಏರಿಸಿ ಓದಿ, ಒಂದು ಹಳೆಯ ಬಿಲ್ಲಿನ ಬೆನ್ನಿಗೆ ಬರೆದುಕೊಳ್ಳುತ್ತಾರೆ.