ಬಾಂಬಿನ ಬೂದಿಯಲ್ಲಿ ಅರಳಿದ ಕಣಗಿಲೆ

ಮದ್ದೂರು, ಮಳವಳ್ಳಿ ಕಡೆ ಕಬ್ಬು ಕಡಿದ ಮೇಲೆ ಗದ್ದೆಯ ತರಗಿಗೆ ಬೆಂಕಿ ಇಡುವುದುಂಟು. ಗದ್ದೆಯೆಲ್ಲ ಕರ್ರಗಾಗುತ್ತದೆ. ನೀರು ಹಾಯಿಸಿದರೆ ಕೆಲವೇ ವಾರಗಳಲ್ಲಿ ಬುಡದಿಂದ ಹಸಿರು ಮೊಳಕೆ ಏಳುತ್ತದೆ. ಇದೇ ಕೂಳೆ ಬೆಳೆ. ಮಂಡ್ಯದ ರೈತನಿಗೆ ಇದರಲ್ಲಿ ವಿಶೇಷವೇನಿಲ್ಲ. ಆದರೆ ಅಣುಬಾಂಬು ಬಿದ್ದ ಕಡೆ ಜೀವ ಉಳಿದೀತೇ ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ಕೂಳೆಯಲ್ಲೇ ಇದೆ.

1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ, ನೆಲದಿಂದ ಸುಮಾರು 600 ಮೀಟರ್ ಎತ್ತರದಲ್ಲಿ ಬಾಂಬು ಸಿಡಿಯಿತು. ಆ ವರ್ಷ ಮುಗಿಯುವಷ್ಟರಲ್ಲಿ ಸತ್ತವರು ಸುಮಾರು 1.4 ಲಕ್ಷ. ಇನ್ನು 75 ವರ್ಷ ಅಲ್ಲಿ ಹುಲ್ಲುಕಡ್ಡಿಯೂ ಹುಟ್ಟದು ಎಂಬ ಮಾತು ಹಬ್ಬಿತು. ಆದರೆ ಮರುವರ್ಷದ ವಸಂತದಲ್ಲೇ ಸುಟ್ಟು ಕರಕಲಾದ ಗಿಂಕೊ ಮರಗಳು ಚಿಗುರಿದವು. ನಾವು ಶಿವನ ಪೂಜೆಗೆ ಕೊಯ್ಯುವ ಕಣಗಿಲೆಯೂ ಆ ಬೂದಿಯ ನಡುವೆ ಅರಳಿತು. 1973ರಲ್ಲಿ ಹಿರೋಶಿಮಾ ಅದನ್ನೇ ತನ್ನ ನಗರದ ಹೂವಾಗಿ ಆರಿಸಿಕೊಂಡಿತು.

ಕಾರಣ ಸರಳ. ಬೆಂಕಿಯನ್ನೂ ವಿಕಿರಣವನ್ನೂ ಮಣ್ಣು ತಡೆಯಿತು, ಬೇರು ಉಳಿಯಿತು. ಬಾಂಬು ಗಾಳಿಯಲ್ಲೇ ಸಿಡಿದದ್ದರಿಂದ ನೆಲಕ್ಕೆ ಬಿದ್ದ ವಿಕಿರಣದ ಧೂಳೂ ಕಡಿಮೆ. ನೆಲದ ಮೇಲೆಯೇ ಸಿಡಿದಿದ್ದರೆ ಈ ಕಥೆ ಬೇರೆಯಾಗುತ್ತಿತ್ತು.

ಇನ್ನು ಜಿರಳೆಯ ಮಾತು. ಮನುಷ್ಯನಿಗೆ 4–5 ಗ್ರೇ ವಿಕಿರಣ ಒಮ್ಮೆಗೇ ತಗುಲಿ, ಚಿಕಿತ್ಸೆ ಸಿಗದಿದ್ದರೆ ಅರ್ಧದಷ್ಟು ಮಂದಿ ಉಳಿಯುವುದಿಲ್ಲ. ಜಿರಳೆ ಅದರ ಹತ್ತು ಪಟ್ಟಿಗಿಂತ ಹೆಚ್ಚನ್ನು ತಾಳಬಲ್ಲದು. ವಿಕಿರಣ ಹೆಚ್ಚಾಗಿ ಕೊಲ್ಲುವುದು ಒಡೆದು ಬೆಳೆಯುತ್ತಿರುವ ಜೀವಕೋಶಗಳನ್ನು; ಜಿರಳೆಯ ಕೋಶಗಳು ಮುಖ್ಯವಾಗಿ ಪೊರೆ ಬಿಡುವಾಗ ಮಾತ್ರ ಒಡೆಯುತ್ತವೆ. ಹಾಗೆಂದು ಬಾಂಬಿನ ಉರಿಗೆ ಸಿಕ್ಕಿದ ಜಿರಳೆ ಬದುಕುವುದಿಲ್ಲ. ಹರಟೆಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ!

ನಿಜವಾದ ಗಟ್ಟಿಗ ಒಂದು ಬ್ಯಾಕ್ಟೀರಿಯಾ. 1956ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ವಿಕಿರಣ ಹಾಯಿಸಿ ಶುದ್ಧಗೊಳಿಸಿದ ಮಾಂಸದ ಡಬ್ಬಿಯೊಳಗೆ ಡೈನೋಕಾಕಸ್ ಎಂಬ ಇದು ಜೀವಂತವಾಗಿತ್ತು. 5,000 ಗ್ರೇ ತಗುಲಿ ಡಿಎನ್‌ಎ ನೂರಾರು ಚೂರಾದರೂ ಕೆಲವೇ ಗಂಟೆಗಳಲ್ಲಿ ಮತ್ತೆ ಜೋಡಿಸಿಕೊಳ್ಳುತ್ತದೆ.

ಬೀಜಗಳದ್ದು ಇನ್ನೊಂದು ದಾರಿ. ಒಣಬೀಜಕ್ಕೆ ವಿಕಿರಣ ಹಾಯಿಸಿ, ಬದುಕಿ ಬದಲಾದ ಸಾವಿರಾರು ಗಿಡಗಳಲ್ಲಿ ಒಳ್ಳೆಯದೊಂದನ್ನು ಹೆಕ್ಕುತ್ತಾರೆ. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದ ಕಡಲೆಕಾಯಿ ತಳಿ ಟಿಜಿ-1 ಹೀಗೆ ಹುಟ್ಟಿ 1973ರಲ್ಲಿ ಬಿಡುಗಡೆಯಾಯಿತು. ಧಾರವಾಡ ಕೃಷಿ ವಿಶ್ವವಿದ್ಯಾಲಯದೊಡನೆ ಸೇರಿ ರೂಪಿಸಿದ ಟಿಡಿಜಿ-39 ಕೂಡ ಇದೇ ಟ್ರಾಂಬೆ ವಂಶದ್ದು.

ಮನುಷ್ಯ ಮಾತ್ರ ಕೂಳೆ ಬೆಳೆಯಲ್ಲ. ಹಿರೋಶಿಮಾದಲ್ಲಿ ಗಾಯವಿಲ್ಲದೆ ಉಳಿದವರಲ್ಲೂ ಕೆಲವೇ ವರ್ಷಗಳಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚಿತು. ಬೇರೆ ಕ್ಯಾನ್ಸರ್‌ಗಳು ದಶಕಗಳ ಬಳಿಕ ಕಾಣಿಸಿಕೊಂಡವು. ಅವರ ಮಕ್ಕಳಲ್ಲಿ ಅನುವಂಶಿಕ ದೋಷ ಹೆಚ್ಚಿದ್ದು ಈವರೆಗೆ ಕಂಡುಬಂದಿಲ್ಲ. ಉಳಿದವರನ್ನು ಗಮನಿಸಲು 1947ರಲ್ಲಿ ಶುರುವಾದ ಅಧ್ಯಯನ ಇನ್ನೂ ನಡೆಯುತ್ತಲೇ ಇದೆ.